ಭಾವಮೈದುನನ ಹರಕೆ, ನನ್ನ ಬೆನ್ನು

ಈ ಪ್ರಸಂಗಗಳಲ್ಲಿ ಕೊನೆಯದರ ಮೂಲವನ್ನು ನನಗೆ ಮೊದಲು ಹೇಳಿದವಳು ನನ್ನ ಹೆಂಡತಿ. ಅದು ನಡೆದಾಗ ನಾನು ಆಪರೇಷನ್ ಟೇಬಲ್ಲಿನ ಮೇಲೆ ಬೋರಲು ಮಲಗಿದ್ದೆ, ಮೈಮೇಲೆ ಎಚ್ಚರವಿರಲಿಲ್ಲ. ಉಳಿದವೆಲ್ಲ ಎಚ್ಚರವಿದ್ದಾಗಲೇ ನಡೆದವು. ನೋವು ಹೊಕ್ಕ ಮನೆಗೆ ಇಂಥವು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ನಗುವವರು ನೆಂಟರು, ನರಳುವವನು ನಾನು.

ಎಂಬತ್ತರ ಸುಮಾರಿಗೆ ಜಯನಗರದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇತ್ತು, ಮನೆ ತ್ಯಾಗರಾಜನಗರದಲ್ಲಿ. ಹಳ್ಳಿ ಶಾಲೆಯಲ್ಲಿ ಓದಿ ಬಂದ ನನಗೆ ಬಲಗಾಲೇ ಅನ್ನ. ಮಷೀನಿನ ಪೆಡಲ್ ತುಳಿಯುವ ಕಾಲು ಅದು. ಅದಕ್ಕೇ, ಸೊಂಟದಿಂದ ಹಿಮ್ಮಡಿಯವರೆಗೆ ಕಾಯಿಸಿದ ಸೂಜಿ ಎಳೆದಂತೆ ನೋವು ಹತ್ತಿಕೊಂಡಿತು. ಡಾಕ್ಟರು ಸಯಾಟಿಕಾ ಎಂದರು. ಮಲಗಿದರೆ ನೋವು, ಕುಳಿತರೆ ಇನ್ನೂ ನೋವು. ದೇವರ ಮುಂದೆ ಅಡ್ಡಬೀಳಲೂ ಆಗದ ಮೇಲೆ ಬದುಕಿ ಏನು ಎನ್ನುವಂತಾಗಿತ್ತು.

ಕಾಲು ಮುಂದಾಗಿ ಹುಟ್ಟಿದವರು

ಬೆನ್ನು ಹಿಡಿದುಕೊಂಡರೆ, ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರಿಂದ ಒದೆಸಿಕೊಳ್ಳಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಹೆಂಡತಿ ಬೀದಿಯೆಲ್ಲ ವಿಚಾರಿಸಿ ಅಂಥವರೊಬ್ಬರನ್ನು ಕರೆತಂದಳು. ನೋಡಿದರೆ ನನ್ನದೇ ಗಿರಾಕಿ, ಬ್ಯಾಂಕಿನ ಗುಮಾಸ್ತರು. ದೀಪಾವಳಿಗೆ ಕೊಡುತ್ತೇನೆಂದಿದ್ದ ಅವರ ಪ್ಯಾಂಟು ಯುಗಾದಿ ಕಳೆದರೂ ನನ್ನ ಅಂಗಡಿಯಲ್ಲೇ ಇತ್ತು.

ನಾನು ರಾಮನಾಮ ಹೇಳುತ್ತಾ ಗೋಡೆ ಹಿಡಿದು ಬೆನ್ನು ಕೊಟ್ಟು ನಿಂತೆ. ಅವರು ಪಂಚೆ ಎತ್ತಿ ಕಟ್ಟಿದರು.

"ಮೆಲ್ಲಗೆ ಸಾರ್, ಮುಟ್ಟಿಸಿದ್ರೆ ಸಾಕು" ಎಂದಳು ಹೆಂಡತಿ.

ಒಂದು ಒದೆ ಬಿತ್ತು. ಕಣ್ಣು ಕತ್ತಲೆ ಬಂತು. "ಅಮ್ಮಾ" ಎನ್ನುವಷ್ಟರಲ್ಲಿ ಇನ್ನೊಂದು ಬಿತ್ತು.

"ಒಂದೇ ಸಾಕಾಗಿತ್ತಲ್ಲ ಸಾರ್!" ಎಂದೆ ಗೋಡೆಗೆ ಮುಖವಿಟ್ಟುಕೊಂಡೇ.

"ಮೊದಲನೇದು ನಿಮ್ಮ ಬೆನ್ನಿಗೆ. ಎರಡನೇದು ನನ್ನ ಪ್ಯಾಂಟಿಗೆ" ಎಂದು ಪಂಚೆ ಇಳಿಬಿಟ್ಟು ಹೋದರು.

ಬೀಳದ ಹೂವು

ಅಲ್ಲಿಂದಾಚೆಗೆ ಪಾದ ಜೋಮು ಹಿಡಿದು ಬಿಡಲೇ ಇಲ್ಲ. ಹಿರಿಯ ಸರ್ಜನ್ ಒಬ್ಬರು ಹೆಬ್ಬೆರಳನ್ನು ಎತ್ತಿಸಿ ನೋಡಿದರು. ಅದು ಏಳಲಿಲ್ಲ.

"ನರ ಒತ್ತಿಕೊಂಡಿದೆ. ಪಾದದ ಬಲ ಹೋಗ್ತಾ ಇದೆ. ಆಪರೇಷನ್ ಮಾಡಿಸ್ಕೊಳ್ಳೋದು ಒಳ್ಳೇದು. ಆದ್ರೆ ಕಾಲು ಮೊದಲಿನ ಹಾಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ" ಎಂದರು.

ಬೀದಿಯವರು, "ಬೆನ್ನಿಗೆ ಚಾಕು ಹಾಕಿಸ್ಕೊಂಡೋರು ಎದ್ದು ಓಡಾಡಿದ್ದನ್ನ ನಾವಂತೂ ಕಂಡಿಲ್ಲಪ್ಪ" ಎಂದರು. ಮಾಡಿಸಿದರೆ ಕಾಲು ಹೋದೀತು, ಬಿಟ್ಟರೂ ಹೋದೀತು. ಮನುಷ್ಯರನ್ನು ಕೇಳಿ ಸಾಕಾಗಿ, ಬಡಾವಣೆಯ ಆಂಜನೇಯನನ್ನೇ ಕೇಳುವುದೆಂದು ಹೊರಟೆ. ಸ್ವಾಮಿಯ ಬಲಗಡೆಯಿಂದ ಹೂವು ಬಿದ್ದರೆ ಆಪರೇಷನ್ ಮಾಡಿಸುವುದು, ಎಡಗಡೆಯಿಂದ ಬಿದ್ದರೆ ಬೇಡ.

ಕಂಬಕ್ಕೊರಗಿ ನಿಂತೆ. ಬಂದವರು ತೀರ್ಥ ತಗೊಂಡು ಹೋದರು, ಮಂಗಳಾರತಿಯೂ ಆಯಿತು. ಹೂವು ಅಲ್ಲಾಡಲಿಲ್ಲ. ಭಗವಂತನಿಗೂ ನಾನು ಬೇಡವಾದೆನಲ್ಲ ಎಂದುಕೊಂಡೆ. ಅರ್ಚಕರು ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ. ಇವತ್ತು ಹಾರ ಕಟ್ಟಿದಾಕೆ ಹೊಸಬಳು, ಸ್ವಲ್ಪ ಬಿಗಿಯಾಗಿ ಕಟ್ಟಿಬಿಟ್ಟಿದಾಳೆ. ನಾಳೆ ಬನ್ನಿ" ಎಂದರು.

ಕುಂಟುತ್ತಾ ಮನೆಗೆ ಬಂದೆ. ಬಾಗಿಲು ತೆಗೆದ ಹೆಂಡತಿ ನನ್ನ ಕಾಲನ್ನೇ ನೋಡಿದಳು. "ಇನ್ನೊಂದು ಚಪ್ಪಲಿ ಎಲ್ಲಿ ರೀ?"

ಬಲಗಾಲು ಬರಿಗಾಲಾಗಿತ್ತು. ಚಪ್ಪಲಿ ಎಲ್ಲಿ ಕಳಚಿಕೊಂಡಿತೋ ನನಗೆ ತಿಳಿದೇ ಇರಲಿಲ್ಲ. ಹೂವಿನಲ್ಲಿ ಹೇಳದ್ದನ್ನು ಸ್ವಾಮಿ ಚಪ್ಪಲಿಯಲ್ಲಿ ಹೇಳಿದ್ದ, ತಪ್ಪಿದ್ದರೆ ಅವನೇ ಕ್ಷಮಿಸಲಿ. ಮರುದಿನ ಆಸ್ಪತ್ರೆ ಸೇರಿದೆ.

ಕಚ್ಚಾ ಹೊಲಿಗೆ

ಆಪರೇಷನ್ ಆಯಿತು. ಪಾದ ಮಾತ್ರ ಹಾಗೇ ಮರಗಟ್ಟಿತ್ತು. ಡ್ರೆಸಿಂಗ್ ಬದಲಿಸುವಾಗ ಹೆಂಡತಿ ನನ್ನ ಬೆನ್ನನ್ನು ನೋಡಿದಳು.

"ಹೊಲಿಗೆ ಹೇಗಿದೆಯೇ?" ಎಂದೆ ಗೋಡೆ ಕಡೆ ತಿರುಗಿ ಮಲಗಿದ್ದವನು.

"ನೆಟ್ಟಗಿದೆ ರೀ. ಆದ್ರೆ ದೂರ ದೂರ ಹಾಕಿದಾರೆ."

ನಮ್ಮ ಕಸುಬಿನಲ್ಲಿ ದೂರ ದೂರ ಹಾಕುವುದು ಕಚ್ಚಾ ಹೊಲಿಗೆ. ಗಿರಾಕಿಗೆ ತೊಡಿಸಿ ನೋಡಿ, ಸರಿ ಬರದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತೇವೆ. ಸರ್ಜನ್ ಬಂದ ತಕ್ಷಣ ಕೈಮುಗಿದೆ. "ಡಾಕ್ಟರೇ, ಮತ್ತೆ ಬಿಚ್ತೀರಾ?"

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಮ್ಮಲ್ಲಿ ಟ್ರಯಲ್ ಇಲ್ಲಪ್ಪ. ಇದೇ ಡೆಲಿವರಿ" ಎಂದರು.

ಉರುಳುಸೇವೆ

ಮನೆಗೆ ಬಂದೆ. ಬಗ್ಗಬಾರದು, ನೆಲದ ಮೇಲೆ ಕೂರಬಾರದು, ಭಾರ ಎತ್ತಬಾರದು ಎಂದಿದ್ದರು. ಕೋಲು ಹಿಡಿದು ಪಾದ ಎಳೆಯುತ್ತಾ ಬಚ್ಚಲಿಗೆ ಹೋಗಿಬರುವುದೇ ನನ್ನ ಪ್ರಯಾಣ. ಗಿರಾಕಿಗಳು ಬಂದು ಮೈ ಹೇಗಿದೆ ಎಂದು ವಿಚಾರಿಸಿ, ಕತ್ತರಿಸದ ಬಟ್ಟೆಯನ್ನು ವಾಪಸ್ ಒಯ್ದರು. ಇನ್ನು ಮಷೀನು ಮಾರುವುದೊಂದೇ ಬಾಕಿ ಎಂದುಕೊಂಡಿದ್ದಾಗ ಹೆಂಡತಿ ಮೆಲ್ಲಗೆ ಬಾಯಿಬಿಟ್ಟಳು.

ಆಪರೇಷನ್ ತಡವಾದಾಗ ಅವಳ ತಮ್ಮ, ಅಂದರೆ ನನ್ನ ಭಾವಮೈದುನ, ವರಾಂಡದಲ್ಲಿ ನಿಂತು ಗಟ್ಟಿಯಾಗಿ ಹರಕೆ ಹೊತ್ತಿದ್ದನಂತೆ: "ಅಪ್ಪಾ ಆಂಜನೇಯಾ, ಭಾವ ಎದ್ದು ನಿಂತ್ರೆ ಅವರ ಕೈಲಿ ಉರುಳುಸೇವೆ ಮಾಡಿಸ್ತೀನಿ!" ಒದ್ದೆ ಬಟ್ಟೆಯಲ್ಲಿ ಕಲ್ಲುಹಾಸಿನ ಮೇಲೆ ಮಲಗಿ, ಗುಡಿಯ ಸುತ್ತ ಉರುಳುವ ಸೇವೆ ಅದು. ಬೆನ್ನು ಕೊಯ್ಸಿಕೊಂಡವನಿಗೆ!

"ನಿನ್ನ ಮೈ ಉರುಳಿಸ್ತೀನಿ ಅಂತ ಹೊರಬಾರದಿತ್ತೇನೋ?" ಎಂದು ಅವನನ್ನು ಕೇಳಿದೆ.

"ಕಾಯಿಲೆ ನಿಮ್ದು ಭಾವ. ನಾನು ಮಧ್ಯೆ ಹೇಗೆ ಬರ್ಲಿ?"

ಸರ್ಜನ್ನರನ್ನು ಕೇಳಿದರೆ, "ಉರುಳಿ. ಆಮೇಲೆ ಆಂಜನೇಯನ ಹತ್ರಾನೇ ಹೊಲಿಸ್ಕೊಳ್ಳಿ" ಎಂದರು. ನಾನು ನಗಲಿಲ್ಲ. ತೀರಿಸದ ಹರಕೆ ಎದೆಯ ಮೇಲೆ ಕೂತಿತ್ತು. ಹೆಬ್ಬೆರಳು ಏಳದಿದ್ದಾಗಲೆಲ್ಲ ಇದಕ್ಕೇ ಇರಬೇಕು ಎನಿಸುತ್ತಿತ್ತು. ಕಡೆಗೆ ಅರ್ಚಕರು ತೀರ್ಪು ಕೊಟ್ಟರು: "ಹೊತ್ತವರೇ ಉರುಳಲಿ. ಇವರು ನಿಂತು ನೋಡಲಿ."

ಶನಿವಾರ ಬೆಳಿಗ್ಗೆ ಭಾವಮೈದುನ ಒದ್ದೆ ಪಂಚೆಯುಟ್ಟು ಹೊರಗಿನ ಕಲ್ಲುಹಾಸಿನ ಮೇಲೆ ಮಲಗಿದ, ನಾನು ಗುಡಿಯ ಬಾಗಿಲೊಳಗೆ ನಿಂತು ನೋಡುತ್ತಿದ್ದೆ. ಹೊಟ್ಟೆ ದೊಡ್ಡದು, ಅರ್ಧ ಉರುಳಿ ಅರ್ಧ ವಾಪಸ್ ಬರುತ್ತಿದ್ದ. ಗರ್ಭಗುಡಿಯ ಹಿಂದೆ ಮರೆಯಾದವನೇ, "ಅಯ್ಯಯ್ಯೋ ಅಕ್ಕಾ! ಸೊಂಟ!" ಎಂದು ಕಿರುಚಿದ.

ನಾನು ಕೋಲು ಅಲ್ಲೇ ಬಿಟ್ಟು ಅವನ ಕಡೆ ಹೋದೆ. ಹಿಂದಿನಿಂದ ಹೆಂಡತಿ ಕೂಗಿದಳು: "ರೀ, ಕಾಲು! ನಿಮ್ಮ ಕಾಲು!"

ತಿರುಗಿ ನೋಡಿದೆ. ಗುಡಿಯ ಎತ್ತರದ ಕಲ್ಲು ಹೊಸ್ತಿಲನ್ನು, ಪಾದ ಎಳೆಯದೆ, ಎತ್ತಿಯೇ ದಾಟಿ ಬಂದಿದ್ದೆ. ಅಡ್ಡಬೀಳುವಂತಿರಲಿಲ್ಲ, ನಿಂತಲ್ಲೇ ಕೈಮುಗಿದು ಅತ್ತೆ.

ನೆಲದ ಮೇಲೆ ಅಂಗಾತ ಬಿದ್ದಿದ್ದ ಭಾವಮೈದುನ ನನ್ನ ಪಾದ ನೋಡಿದ. ಅವನ ಮುಖ ಅರಳಿತು. ಅವನೂ ಕೈಮುಗಿದ. "ಅಪ್ಪಾ ಆಂಜನೇಯಾ, ನನ್ನ ಸೊಂಟ ಒಂದು ಸರಿಮಾಡು. ಭಾವನಿಗೆ ಈಗ ಕಾಲು ಬಂದಿದೆ, ಅವರ ಕೈಲೇ..."

ಬಾಯಿ ಮುಚ್ಚೋಣವೆಂದರೆ ಬಗ್ಗುವ ಹಾಗಿಲ್ಲ. ನಾನು ನೋಡುತ್ತಾ ನಿಂತಂತೆಯೇ ಅವನು ಹರಕೆಯನ್ನು ಪೂರ್ತಿ ಹೊತ್ತು ಮುಗಿಸಿದ.

ಆಸ್ಪತ್ರೆಯ ವರಾಂಡದಲ್ಲಿ ಯಾರಾದರೂ ಕೈಮುಗಿದು ಕಾಯುತ್ತಿರುವುದು ಕಂಡರೆ, ದಯವಿಟ್ಟು ಇದನ್ನು ಅವರ ಕಿವಿಗೆ ಹಾಕಿ. ಹರಕೆ ಹೊರಲಿ, ಬೇಡವೆನ್ನುವುದಿಲ್ಲ. ಉರುಳುವುದು ಯಾರ ಮೈ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಲಿ.