ಐವತ್ತೊಂಬತ್ತರ ಮೆದುಳು

ಡಾಕ್ಟರು: ತಲೆ ಕೆಟ್ಟಿರೋದು ಯಂತ್ರಕ್ಕೆ, ನನಗಲ್ಲ!

ಶಿಷ್ಯೆ: ಸರ್, ಅದಕ್ಕೆ ಪಾಠ ಹೇಳಿದ್ದು ನೀವೇ.

ಡಾಕ್ಟರು: ಅದೇ ನನ್ನ ಸಂಕಟ ಕಣಮ್ಮ. ಅದು ಹೇಳಿದ್ದು ಸರಿ ಅಂದ್ರೆ ನನಗೆ ಮರೆವಿನ ಕಾಯಿಲೆ. ನನಗೆ ಕಾಯಿಲೆ ಅಂದ್ರೆ ನಾನು ಕಲಿಸಿದ್ದೆಲ್ಲ ಅನುಮಾನ. ಹೇಗೆ ನೋಡಿದ್ರೂ ಮಾನ ಹೋಗೋದು ನಂದೇ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಓದುವ ಕೋಣೆ ಅದು. ಕಿಟಕಿಗೆ ಕಪ್ಪು ಪರದೆ. ನಿವೃತ್ತಿಯಾದ ಮೇಲೂ ಬಿಡದೆ ಬಂದು ಕೂತು, ಸಾವಿರಾರು ಮೆದುಳಿನ ಚಿತ್ರಗಳಿಗೆ ‘ಆಲ್ಝೈಮರ್’, ‘ಆರೋಗ್ಯ’ ಎಂದು ಗುರುತು ಹಾಕಿ ಡಾಕ್ಟರು ಕಂಪ್ಯೂಟರಿಗೆ ಕಲಿಸಿದ್ದರು. ಆರೋಗ್ಯವಂತರ ಪಟ್ಟಿಗೆ ಒಂದು ತಲೆ ಕಡಿಮೆ ಬಿದ್ದಾಗ ತಮ್ಮದನ್ನೇ ಸ್ಕ್ಯಾನ್ ಮಾಡಿಸಿ, ಕೈಯಾರೆ ‘ಆರೋಗ್ಯ’ ಎಂದು ಬರೆದರು. ಕಂಪ್ಯೂಟರು ಇಡೀ ಪಟ್ಟಿಯನ್ನು ಪರೀಕ್ಷಿಸಿ ಒಂದೇ ಒಂದು ತಲೆಗೆ ಕೆಂಪು ಗುರುತು ಹಾಕಿತು. ಅದು ಗುರುಗಳದೇ! ಐದು ದಿನದಿಂದ ಡಾಕ್ಟರು ಯಂತ್ರದ ಜೊತೆ ಜಗಳವಾಡುತ್ತಲೇ ಇದ್ದರು.

ಇಂಥ ಅನುಮಾನ ಬಂದರೆ ಮನೆಯವರನ್ನು ವಿಚಾರಿಸಬೇಕೆಂಬ ನಿಯಮವನ್ನು ಮಾಡಿದವರೂ ಅವರೇ. ಹೆಂಡತಿ ಬಂದರು. ಕೈಯಲ್ಲಿ ಡಾಕ್ಟರು ಮನೆಯಲ್ಲಿ ಬಿಟ್ಟುಬಂದ ಕನ್ನಡಕ.

ಡಾಕ್ಟರು: ಸಾಕ್ಷಿ ಸಮೇತ ಬಂದ್ಯಲ್ಲೇ!

ಹೆಂಡತಿ: ಕನ್ನಡಕ ಇಲ್ದೆ ಊರೋರ ತಲೆ ಹೇಗೆ ಓದ್ತೀರಿ?

ಶಿಷ್ಯೆ: ಕೂತ್ಕೊಳಿ ಅಮ್ಮ. ಸರ್ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳ್ತಾರಾ?

ಹೆಂಡತಿ: ನಲವತ್ತು ವರ್ಷ ಪಾಠ ಹೇಳಿದೋರು, ಇನ್ನೇನು ಮಾಡ್ತಾರಮ್ಮ?

ಶಿಷ್ಯೆ: ಮನೆಯಲ್ಲಿ ದಾರಿ ತಪ್ಪಿದ್ದು?

ಹೆಂಡತಿ: ಅಡುಗೆಮನೆ ದಾರಿ ಇವರಿಗೆ ಯಾವತ್ತು ಗೊತ್ತಿತ್ತು, ತಪ್ಪೋಕೆ?

ಡಾಕ್ಟರು: ಸರಿಯಾಗಿ ಉತ್ತರ ಹೇಳೇ, ನನ್ನ ಜೀವನದ ಪ್ರಶ್ನೆ!

ಶಿಷ್ಯೆ: ನಿಮ್ಮನ್ನ ಗುರುತು ಹಿಡೀದೆ ಇದ್ದದ್ದು ಉಂಟಾ?

ಐದು ದಿನದಿಂದ ಡಾಕ್ಟರು ಹೆದರಿದ್ದು ಇದೊಂದಕ್ಕೇ. ಮಾನ ಹೋದರೆ ಹೋಗಲಿ, ಇವಳ ಮುಖ ಮರೆತು ಹೋಗಬಾರದು ಎಂದುಕೊಂಡು ಹೆಂಡತಿಯನ್ನೇ ನೋಡಿದರು.

ಹೆಂಡತಿ: ಸಾಮಾನಿನ ಚೀಲ ಹಿಡ್ಕೊಂಡು ನಾನು ಎದುರಿಗೆ ಬಂದ್ರೆ ಪಕ್ಕದ ರಸ್ತೆಗೆ ತಿರುಗ್ತಾರೆ. ಗುರುತು ಹಿಡಿದಿದ್ದಕ್ಕೇ ಅಲ್ವೇನಮ್ಮ?

ಶಿಷ್ಯೆ: ಆದರೂ ಅಮ್ಮ, ಯಂತ್ರ ಹೇಳೋದು ಏನಂದ್ರೆ, ಐವತ್ತೊಂಬತ್ತು ವಯಸ್ಸಿಗೆ ನೆನಪಿನ ಭಾಗ ಇಷ್ಟೊಂದು ಕುಗ್ಗಬಾರದು.

ಹೆಂಡತಿ: ಯಾರಿಗೆ ಐವತ್ತೊಂಬತ್ತು?

ಡಾಕ್ಟರು ಕೆಮ್ಮಿದರು. ಕೆಮ್ಮು ಬೇಗ ನಿಲ್ಲಲಿಲ್ಲ.

ಹೆಂಡತಿ: ನಮ್ಮ ಮದುವೆಯಾಗಿ ನಲವತ್ತೈದು ವರ್ಷ. ಹಾಗಾದ್ರೆ ಆವತ್ತು ನಿಮಗೆ ಇಪ್ಪತ್ತೇಳಲ್ಲ, ಹದಿನಾಲ್ಕು. ಮಣೆ ಮೇಲೆ ಅಷ್ಟು ದಪ್ಪ ಮೀಸೆ ಬಿಟ್ಕೊಂಡು ಕೂತಿದ್ರಲ್ಲ, ಅಂಟಿಸಿದ್ದಾ?

ಶಿಷ್ಯೆ: ಸರ್! ನಿಮಗೆ ಎಪ್ಪತ್ತೆರಡಾ? ನಾನು ನೀವು ಬರೆದುಕೊಟ್ಟ ಕಾಗದ ನೋಡಿ ವಯಸ್ಸು ತುಂಬಿಸಿದೆ, ಮುಖ ನೋಡಲಿಲ್ಲ.

ಡಾಕ್ಟರು: ಆ ಪಟ್ಟಿಗೆ ಅರವತ್ತರ ಒಳಗಿನವರೇ ಬೇಕಿತ್ತಮ್ಮ. ಆವತ್ತು ಬೆಳಿಗ್ಗೆ ತಾನೆ ತಲೆಗೆ ಬಣ್ಣ ಹಾಕಿಸಿದ್ದೆ. ಕನ್ನಡೀಲಿ ನೋಡಿದಾಗ ನನಗೇ ನಂಬಿಕೆ ಬಂದ್ಬಿಡ್ತು.

ಹೆಂಡತಿ: ಬಣ್ಣ ಕೂದಲಿಗೆ ಹಚ್ಚಿದ್ದು ಕಣ್ರೀ, ಮೆದುಳಿಗಲ್ಲ.

ಶಿಷ್ಯೆ ವಯಸ್ಸು ತಿದ್ದಿ ಗುಂಡಿ ಒತ್ತಿದಳು. ಮೂವರೂ ಕಂಪ್ಯೂಟರಿನತ್ತ ಬಾಗಿದರು. ಕೆಂಪು ಗುರುತು ಹೋಗಿ ಹಸಿರು ಬಂತು: ವಯಸ್ಸಿಗೆ ತಕ್ಕಂತಿದೆ, ಅನುಮಾನವಿಲ್ಲ. ಡಾಕ್ಟರು ಕುರ್ಚಿಯಲ್ಲಿ ಕುಸಿದು ಹೆಂಡತಿಯ ಕೈ ಹಿಡಿದುಕೊಂಡರು. ಹೆಂಡತಿ ಕೈ ಬಿಡಿಸಿಕೊಳ್ಳಲಿಲ್ಲ.

ಶಿಷ್ಯೆ: ವಯಸ್ಸು ತಿದ್ದಿದ್ದಕ್ಕೆ ಕಾರಣ ಬರೀಬೇಕು ಸರ್. ಈ ಜಾಗ ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ. ಆಸ್ಪತ್ರೆಯವರೆಲ್ಲ ಓದ್ತಾರೆ.

ಡಾಕ್ಟರು: ಅದಕ್ಕೇನಂತೆ? ವಯಸ್ಸು ಮರೆತುಹೋಗಿತ್ತು ಅಂತ ಬರಿ.

ಹೆಂಡತಿ: ಅದು ಹೇಗಾಗುತ್ತೆ? ನಿಮಗೆ ಮರೆವಿಲ್ಲ ಅಂತ ಈಗ ತಾನೆ ನಿಮ್ಮ ಯಂತ್ರಾನೇ ಹೇಳ್ತಲ್ರೀ!