ಕಡತಕೋಣೆಯ ಭವಿಷ್ಯ

ಕಿಟಕಿಯ ಬಿಸಿಲು ಮೇಜಿನ ಮೇಲೆ ಮಡಿಸಿಟ್ಟ ಕರವಸ್ತ್ರದಂತೆ ಬಿದ್ದಿತ್ತು. ಅದರ ನಡುವೆ ಒಂದು ಹಾಳೆ. ಹಾಳೆಯಲ್ಲಿ, ಎಡಗಡೆ ಎತ್ತರದಲ್ಲಿ ಹುಟ್ಟಿ ಬಲಕ್ಕೆ ಜಾರುತ್ತ ನೆಲ ಸೇರಿದ ಕೆಂಪು ಗೆರೆ. ಗೆರೆಯ ತುದಿಯಲ್ಲಿ ನೊಣವೊಂದು ಕೈ ತೊಳೆಯುತ್ತ ಕೂತಿತ್ತು. ಕೆಳಗೆ ಬರೆದಿತ್ತು: 'ಕಡತಕೋಣೆ: ಹದಿನೆಂಟು ತಿಂಗಳಲ್ಲಿ ಅನಗತ್ಯ.'

ಇಪ್ಪತ್ತಾರು ವರ್ಷ ಆ ಕೋಣೆಯನ್ನು ಕಾಯ್ದ ಕಡತದಣ್ಣ ನೊಣವನ್ನು ಓಡಿಸಿದ. ಗೆರೆ ಹೋಗಲಿಲ್ಲ. ಅವನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

ಬರೆದವರು ತಂತ್ರಜ್ಞಾನ ವಿಶ್ಲೇಷಕರೊಬ್ಬರು. ವರ್ಷಕ್ಕೊಮ್ಮೆ ಬಂದು ಯಂತ್ರಲೋಕದ ನಾಳೆಯನ್ನು ನುಡಿಯುವರು. ಅವರನ್ನು ಕೇಳದೆ ಕಂಪನಿಯ ಯಜಮಾನರು ಫ್ಯಾನನ್ನೂ ಬದಲಿಸುತ್ತಿರಲಿಲ್ಲ.

"ನಿಮ್ಮ ಕತೆ ಮುಗೀತು ಅಣ್ಣ," ಎಂದಳು ಟೈಪಿಸ್ಟ್, ಗಾಯಕ್ಕೆ ಉಪ್ಪು ಸವರುವಷ್ಟೇ ಮೃದುವಾಗಿ.

"ಸುಮ್ನಿರಮ್ಮ ನೀನು!" ಗುಮಾಸ್ತ ಗದರಿದ. "ಅಣ್ಣ, ಆ ಮಹಾನುಭಾವ ಹಿಂದೆ ಹೇಳಿದ್ದೆಲ್ಲ ನಿಮ್ಮ ಹತ್ರಾನೇ ಇದೆಯಲ್ಲ? ತೆಗೀರಿ ಹೊರಗೆ!"

ಕಡತದಣ್ಣ ಏಣಿ ಹತ್ತಿದ. ಹಳೆಯ ಭವಿಷ್ಯದ ಹಾಳೆಗಳ ಕಟ್ಟು ಹಿಡಿದು ಇಳಿಯುವಾಗ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತಿದ್ದ. ನೇರ ಯಜಮಾನರ ಕೋಣೆಗೆ ನುಗ್ಗಿದ. ವಿಶ್ಲೇಷಕರೂ ಅಲ್ಲೇ ಇದ್ದರು.

"ಎರಡೇ ವರ್ಷದಲ್ಲಿ ಕಾಗದ ಮಾಯ ಅಂದ್ರು, ಅದನ್ನೂ ಮೂರು ಪ್ರತಿ ಕಾಗದದಲ್ಲಿ! ಎಲ್ಲರೂ ಕಂಪ್ಯೂಟರ್ ಕನ್ನಡಕ ಹಾಕ್ಕೋತಾರೆ ಅಂದ್ರು. ನಲವತ್ತು ತರಿಸಿದ್ರಿ ಸಾರ್."

ಯಜಮಾನರು ತಲೆ ತಗ್ಗಿಸಿದರು. ಆ ಕನ್ನಡಕ ಹಾಕಿಕೊಂಡು ಅವರ ಹೆಂಡತಿ ಈಗ ಈರುಳ್ಳಿ ಹೆಚ್ಚುತ್ತಿದ್ದರು.

"ಮಾರುಕಟ್ಟೆ ಇನ್ನೂ ಮಾಗಿರ್ಲಿಲ್ಲ," ವಿಶ್ಲೇಷಕರು ಗೊಣಗಿದರು.

"ಹನ್ನೊಂದು ವರ್ಷದಿಂದ್ಲೂ ಕಾಯೇನಾ?"

ವಿಶ್ಲೇಷಕರು ಕೆಟ್ಟವರಲ್ಲ. ಧೂಳು ಮೆತ್ತಿದ ಆ ಮುಖವನ್ನು ಕಂಡು ಕರಗಿ, ಕೆಂಪು ಗೆರೆಯ ಹಾಳೆಯನ್ನು ಎರಡಾಗಿ ಹರಿದರು. "ತಪ್ಪಾಯ್ತು ಹಿರಿಯರೇ. ಬರ್ಕೊಳ್ಳಿ, ಈ ಕೋಣೆ ಇನ್ನೂ ಐವತ್ತು ವರ್ಷ ಬಾಳುತ್ತೆ. ನೀವಿಲ್ದೆ ಈ ಕಂಪನಿ ನಡೆಯಲ್ಲ."

ಕಡತದಣ್ಣನ ಕಣ್ಣು ತುಂಬಿ ಬಂತು.

ಯಜಮಾನರು ಮಾತ್ರ ಹಳೆಯ ಹಾಳೆಗಳನ್ನೇ ತಿರುವುತ್ತಿದ್ದರು. "ನಲವತ್ತೆರಡು ಭವಿಷ್ಯ. ಒಂದೂ ನಿಜ ಆಗಿಲ್ವಾ?"

"ಒಂದೇ ಒಂದೂ ಇಲ್ಲ ಸಾರ್! ನಾನು ಖಾತ್ರಿ."

ಯಜಮಾನರು ನಿಟ್ಟುಸಿರಿಟ್ಟು ಕೈ ಚಾಚಿದರು. "ಹಾಗಾದ್ರೆ ಕೋಣೆ ಬೀಗದ ಕೈ ಕೊಟ್ಬಿಡಿ."

"ಸಾರ್?"

"ಉಳಿಯುತ್ತೆ ಅಂದ್ರಲ್ಲ ಇವರು? ಇವರು ಅಂದ ಮೇಲೆ ಇನ್ನು ಉಳಿದ ಹಾಗೇ!" ಮೆಲ್ಲನೆ ಎದ್ದು ಹೊರಟಿದ್ದ ವಿಶ್ಲೇಷಕರ ತೋಳು ಹಿಡಿದು ಕೂರಿಸಿದರು. "ನೀವೆಲ್ಲಿಗೆ? ಒಂದು ಸಲಾನೂ ಕೈಕೊಡದೆ ತಪ್ಪೇ ಹೇಳೋರು ನನಗಿನ್ನೆಲ್ಲಿ ಸಿಗ್ತಾರೆ?"

ಕಡತದಣ್ಣ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಾಗಿಲತ್ತ ನಡೆದ. ಹಿಂದಿನಿಂದ ವಿಶ್ಲೇಷಕರು ಕಳಕಳಿಯಿಂದ ಕೂಗಿದರು: "ಯೋಚಿಸ್ಬೇಡಿ ಹಿರಿಯರೇ, ನಾಳೇನೇ ನಿಮಗೆ ಇದಕ್ಕಿಂತ ಒಳ್ಳೇ ಕೆಲಸ..."

ಮಿಕ್ಕದ್ದು ಕೇಳಿಸದಿರಲೆಂದು ಅವನು ಹೊರಗೆ ಜಿಗಿದು ಬಾಗಿಲನ್ನು ದಢಾರನೆ ಎಳೆದುಕೊಂಡ.