ಪಿಕಪ್ಪಿಗೆ ಜೋಡಿ ಚಕ್ರ ಹಾಕಿಸಿದ ಮೇಲೆ

ಹಳೇ ಗಾಡಿ ಇಟ್ಟುಕೊಂಡವನು ಕತೆ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ, ಅವೇ ಮನೆ ಬಾಗಿಲಿಗೆ ಬರ್ತವೆ. ನನ್ನದು ಹೊಸನಗರದಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಕೆಲಸ. ಮದುವೆ, ಗೃಹಪ್ರವೇಶ, ಸೀಮಂತ, ಎಂತದೇ ಇರಲಿ, ಕೊಪ್ಪರಿಗೆ ಕಡಾಯಿ ನಮ್ಮಲ್ಲಿಂದಲೇ ಹೋಗಬೇಕು. ಸಾಗಿಸಲಿಕ್ಕೆ ಒಂದು ಹಳೇ ಪಿಕಪ್ಪು. ಅದನ್ನು ಓಡಿಸುವವನು ನಾನು. ಪಾತ್ರೆಯೊಳಗೆ ಪಾತ್ರೆ ಕೂರಿಸಿ, ಮುಚ್ಚಳ ಜೋಡಿಸಿ, ಹಗ್ಗ ಬಿಗಿಯುವವಳು ನನ್ನ ಹೆಂಡತಿ. ಮದುವೆಯಾದಾಗಿನಿಂದ ನನ್ನ ಪಕ್ಕದ ಸೀಟು ಅವಳದ್ದೇ. ಆ ಸೀಟು ಖಾಲಿಯಾದದ್ದು, ಅದನ್ನು ಮತ್ತೆ ತುಂಬಿಸಲಿಕ್ಕೆ ನಾನು ಪಟ್ಟ ಪಾಡು, ಇಷ್ಟೇ ಇಲ್ಲಿರುವುದು.

ಬಸ್ಸು ಹತ್ತಿದ ಸೌಟು

ನಿಟ್ಟೂರಿನ ಕಡೆ ಒಂದು ಗೃಹಪ್ರವೇಶ ಮುಗಿಸಿ ಪಾತ್ರೆ ಹೇರಿಕೊಂಡು ವಾಪಸ್ ಬರ್ತಾ ಇದ್ದೆವು. ಒಂದು ಇಳಿಜಾರಿನ ತಿರುವಿನಲ್ಲಿ ಹಿಂದಿನ ಟೈರು ಢಂ ಅಂತ ಒಡೀತು. ಗಾಡಿ ಒಂದು ಪಕ್ಕಕ್ಕೆ ವಾಲಿ, ರಸ್ತೆಗಾಗಿ ಗುಡ್ಡ ಕಡಿದ ಧರೆಗೆ ಒರಗಿ ನಿಂತಿತು. ಧರೆ ಆ ಕಡೆ ಇತ್ತು, ಈ ಕಡೆ ಏನೂ ಇರಲಿಲ್ಲ. ಈ ಕಡೆ ವಾಲಿದ್ದರೆ ಇದನ್ನು ಹೇಳಲಿಕ್ಕೆ ನಾನು ಇರ್ತಿರಲಿಲ್ಲ.

ನಾವಿಬ್ಬರೂ ಇಳಿದೆವು. ಯಾರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ನಾನು ಜಾಕ್ ಹುಡುಕುತ್ತಾ ಇದ್ದೆ. ಅವಳು ರಸ್ತೆಗೆ ಬಿದ್ದಿದ್ದ ಒಂದು ಸೌಟು ಎತ್ತಿಕೊಂಡಳು. ಅಷ್ಟರಲ್ಲಿ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು, ನನಗೆ ಒಂದು ಮಾತೂ ಹೇಳದೆ ಹತ್ತಿ ಹೋದಳು. ಮರುದಿನ ಆ ಬಸ್ಸಿನ ಕಂಡಕ್ಟರು ಪೇಟೆಯಲ್ಲಿ ಸಿಕ್ಕಿ ಮುಂದಿನದನ್ನು ಹೇಳಿದ. ಅಷ್ಟುದ್ದದ ಸೌಟು ನೋಡಿ, ಅಡುಗೆ ಮುಗಿಸಿ ಬಂದದ್ದಾ ಅಂತ ಕೇಳಿದನಂತೆ. "ಇಲ್ಲ, ಇನ್ನು ಶುರು ಮಾಡಬೇಕು. ಅವರು ಮನೆಗೆ ಬರಲಿ" ಅಂದಳಂತೆ.

ಅಷ್ಟು ಭಾರವಾ?

ಮನೆಯಲ್ಲಿ ತೀರ್ಪು ಬಂತು. ಹಿಂದೆ ಆ ಕಡೆ ಎರಡು, ಈ ಕಡೆ ಎರಡು ಚಕ್ರ ಹಾಕಿಸಬೇಕು. ಒಂದು ಹೋದರೂ ಇನ್ನೊಂದು ಹಿಡಿದು ನಿಲ್ಲಿಸಬೇಕು. ಅಲ್ಲಿವರೆಗೆ ಆ ಗಾಡಿ ಹತ್ತುವುದಿಲ್ಲ. ಲಾರಿಗೆ ಇರುವ ಹಾಗೆ ಜೋಡಿ ಚಕ್ರ, ಅದೂ ನಮ್ಮ ಮುದಿ ಪಿಕಪ್ಪಿಗೆ. ನಾನು ನಕ್ಕೆ. ಅವಳು ನಗಲಿಲ್ಲ.

ಸಾಗರದ ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದೆ. ಹಿಂದಿನ ಆಕ್ಸಲ್ಲನ್ನೇ ಬದಲಿಸಬೇಕು, ಭಾರ ಹೊರುವ ಸ್ಪ್ರಿಂಗಿನ ಪಾಟ ಗಟ್ಟಿ ಮಾಡಬೇಕು, ಚಕ್ರ ಹೊರಗೆ ಚಾಚುವುದರಿಂದ ಮಡ್‌ಗಾರ್ಡೂ ಅಗಲ ಬೇಕು ಅಂದ. ಎಲ್ಲಕ್ಕಿಂತ ಮೊದಲು ಆರ್‌ಟಿಓ ಒಪ್ಪಿಗೆ ತನ್ನಿ, ಇಲ್ಲದಿದ್ದರೆ ಸ್ಪಾನರ್ ಮುಟ್ಟುವುದಿಲ್ಲ ಅಂತಲೂ ಹೇಳಿದ.

ಹೋದೆ. ಅಲ್ಲಿನ ಸಾಹೇಬರು ಒಳ್ಳೆಯ ಮನುಷ್ಯ. ಯಾಕೆ ಬೇಕು, ಹೆಚ್ಚು ಲೋಡು ಹೇರಲಿಕ್ಕಾ ಅಂತ ಕೇಳಿದರು. ಸುಳ್ಳು ಹೇಳಲಿಕ್ಕೆ ಬರದೆ, "ಅಲ್ಲ ಸಾರ್, ನನ್ನ ಹೆಂಡತಿ ಹತ್ತಲಿಕ್ಕೆ" ಅಂದೆ. ಅವರು ಪೆನ್ನು ಕೆಳಗಿಟ್ಟು, ಕಿಟಕಿಯಿಂದ ಹೊರಗೆ ಇಣುಕಿ ನೋಡಿ, ದನಿ ತಗ್ಗಿಸಿ ಕೇಳಿದರು: "ಅಷ್ಟು ಭಾರ ಇದ್ದಾರಾ?"

ಇದನ್ನು ನಾನು ಇವತ್ತಿಗೂ ಮನೆಯಲ್ಲಿ ಹೇಳಿಲ್ಲ.

ದಂಪತಿಗೆ ಒಂದೇ ನಿಂಬೆಹಣ್ಣು

ಅಂತೂ ಒಪ್ಪಿಗೆ ಸಿಕ್ಕಿ, ಕೆಲಸ ಮುಗಿದು, ಗಾಡಿ ಆರು ಚಕ್ರದ ಮೇಲೆ ಮನೆಗೆ ಬಂತು. ಹಿಂದಿನಿಂದ ನೋಡಿದರೆ ಪಂಚೆ ಉಟ್ಟು ಕಾಲಗಲಿಸಿ ನಿಂತ ಯಜಮಾನರ ಹಾಗೆ ಕಾಣ್ತಿತ್ತು. ಪೂಜೆಯಾಗದೆ ಹತ್ತುವುದಿಲ್ಲ ಅಂದಳು. ಸರಿ, ದೇವಸ್ಥಾನದ ಮುಂದೆ ನಿಲ್ಲಿಸಿದೆ.

ಭಟ್ಟರು ಎಂದಿನ ಹಾಗೆ ನಾಲ್ಕೇ ನಿಂಬೆಹಣ್ಣು ತಂದಿದ್ದರು. ಮುಂದಿನ ಎರಡು ಚಕ್ರಕ್ಕೆ ಎರಡು ಇಟ್ಟರು. ಹಿಂದೆ ಬಂದು ನೋಡಿದರೆ ಒಂದೊಂದು ಕಡೆ ಎರಡೆರಡು ಚಕ್ರ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಜೋಡಿ ಅಂದ ಮೇಲೆ ದಂಪತಿಯ ಲೆಕ್ಕ, ದಂಪತಿಗೆ ಪ್ರಸಾದ ಒಂದೇ ಕೈಗೆ ಕೊಡುವುದಲ್ವಾ ಅಂತ ತೀರ್ಮಾನಿಸಿದರು. ಯಾವ ಚಕ್ರಕ್ಕೂ ಅನ್ಯಾಯ ಆಗಬಾರದು ನೋಡಿ, ಎರಡರ ಸಂದಿಗೆ ಸರಿಯಾಗಿ ನಡುವೆ ಇಟ್ಟರು.

ನಾನು ಗಾಡಿ ಮುಂದೆ ತೆಗೆದೆ. ಮುಂದಿನ ಎರಡು ನಿಂಬೆ ಅಪ್ಪಚ್ಚಿಯಾದವು. ಹಿಂದಿನ ಜೋಡಿ ಚಕ್ರ ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ದಾಟಿ ಹೋದವು. ಎರಡು ನಿಂಬೆಹಣ್ಣೂ ಇಟ್ಟ ಜಾಗದಲ್ಲಿ ಹಾಗೇ ಹಳದಿಯಾಗಿ ಕೂತಿದ್ದವು. ಭಟ್ಟರು ಆಕಾಶ ನೋಡಿದರು.

ನನ್ನ ಹೆಂಡತಿ ಬಗ್ಗಿ ಎರಡನ್ನೂ ಎತ್ತಿ, ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಹೊಸ ನಿಂಬೆ ತಂದು ಮತ್ತೊಮ್ಮೆ ಇಡೋಣ ಅಂದೆ. ದೇವರ ಹತ್ತಿರ ಮರುಪರೀಕ್ಷೆ ಇರುವುದಿಲ್ಲ ಅಂದವಳೇ ಮನೆ ಕಡೆ ನಡೆದಳು.

ಟಕ ಟಕ

ಹೀಗಾಗಿ ಒಬ್ಬನೇ ಓಡಿಸಬೇಕಾಯ್ತು. ಜೋಡಿ ಚಕ್ರದ ಸಂದಿಗೆ ಕಲ್ಲು ಸಿಕ್ಕಿಕೊಳ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ದಿನ ಟಕ ಟಕ ಅಂತ ಸದ್ದು. ಗಕ್ಕನೆ ಬ್ರೇಕು ಒತ್ತಿದೆ. ಇಳಿದು ನೋಡಿದರೆ ಕಲ್ಲು. ಇನ್ನೊಂದು ದಿನ ಇಳಿದರೆ ಒಂದು ಕಾಯಿ ಚಿಪ್ಪು. ಆ ತಿರುವಿನ ಸದ್ದು ನನ್ನ ಕಿವಿಯಿಂದಲೂ ಹೋಗಿರಲಿಲ್ಲ ಅಂತ ಆಗ ಗೊತ್ತಾಯ್ತು. ಹೆದರಿದವಳು ಅವಳು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಮಾರಾಯ್ರೆ. ಏನು ಸದ್ದಾದರೂ ಗಾಡಿಯಿಂದ ಹಾರುತ್ತಿದ್ದವನು ನಾನು.

ಪಕ್ಕದ ಸೀಟು ಖಾಲಿ ಇದ್ದರೆ ಕಲ್ಲಿನ ಸದ್ದೂ ದೊಡ್ಡದಾಗಿ ಕೇಳ್ತದೆ. ಮೊದಲಾದರೆ ಅವಳು ದಾರಿಯುದ್ದಕ್ಕೂ ಯಾರ ಮನೆಯ ಸಾರು ಹೇಗಿತ್ತು ಅಂತ ಹೇಳ್ತಾ ಇರ್ತಿದ್ದಳು, ನಾನು ಹೂಂ ಅಂತಿದ್ದೆ. ಈಗ ಅಭ್ಯಾಸಬಲದಿಂದ ಸುಮ್ಮನೆ ಹೂಂ ಅಂದು, ಪಕ್ಕಕ್ಕೆ ತಿರುಗಿ ನೋಡಿದ್ದೂ ಉಂಟು.

ನಮ್ಮ ಗಾಡಿಯದೇ ಅಳತೆ

ನಗರ ಅನ್ನುವ ಊರಿನ ಹತ್ತಿರ ಒಂದು ಮನೆಯಲ್ಲಿ ಸೀಮಂತ. ಆ ಮನೆಯ ಅಂಗಳಕ್ಕೆ ಹೋಗಲಿಕ್ಕೆ ಎರಡು ಕಲ್ಲುಕಂಬ, ಮಧ್ಯೆ ಗೇಟಿನ ಬದಲು ಅಡ್ಡಕ್ಕೆ ಸರಿಸುವ ಗಳಗಳ ಉಣುಗೋಲು. ನಮ್ಮ ಕಡೆ ಒಂದು ರೂಢಿ ಇದೆ. ಹೊಸದಾಗಿ ಕಂಬ ಹುಗಿಯುವವರು ಪಾತ್ರೆ ಗಾಡಿ ಒಳಗೆ ಬರಬೇಕಲ್ಲ ಅಂತ ನನ್ನನ್ನೇ ಕರೀತಾರೆ. ಪಿಕಪ್ಪನ್ನು ನಿಲ್ಲಿಸಿ, ಎರಡೂ ಪಕ್ಕ ಒಂದೊಂದು ಗೇಣು ಬಿಟ್ಟು ಗುರುತು ಹಾಕ್ತಾರೆ. ಈ ಕಂಬಗಳಿಗೂ ಹಿಂದೊಮ್ಮೆ ನಾನೇ ನಿಂತು ಅಳತೆ ಕೊಟ್ಟಿದ್ದೆ. ಕಾಫಿ ಕುಡಿದು, ಇನ್ನೂ ಸ್ವಲ್ಪ ಬಿಗಿ ಮಾಡಬಹುದು, ದನ ನುಗ್ಗುವುದಿಲ್ಲ ಅಂತ ಸಲಹೆ ಬೇರೆ.

ಅದೇ ಧೈರ್ಯದಲ್ಲಿ ನುಗ್ಗಿಸಿದೆ. ಮುಂಭಾಗ ಸಲೀಸಾಗಿ ಹೋಯ್ತು. ಹಿಂದಿನ ಜೋಡಿ ಚಕ್ರ ಎರಡು ಕಂಬಗಳ ನಡುವೆ ಬೆಣೆ ಹೊಡೆದ ಹಾಗೆ ಕೂತಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಮನೆಯ ಅಜ್ಜಿ ಬಂದು ಕಂಬವನ್ನೂ ಗಾಡಿಯನ್ನೂ ನೋಡಿ, "ಇದು ನಿಂದೇ ಅಳತೆ ಅಲ್ವನಾ?" ಅಂದರು. ಆಳುಗಳು ಪಾತ್ರೆ ಇಳಿಸಿದರು. ಆಗ ಗೊತ್ತಾಯ್ತು, ನಾನು ಒಂದು ಮುಚ್ಚಳವನ್ನೂ ತಂದಿರಲಿಲ್ಲ. ವಿಧಿಯಿಲ್ಲದೆ ಮನೆಗೆ ಫೋನು ಮಾಡಿದೆ.

ಅವಳು ಬಸ್ಸಿನಲ್ಲಿ ಮುಚ್ಚಳದ ಮೂಟೆ ತಂದಳು. ಮೂಟೆ ಅಡುಗೆಯವರಿಗೆ ಕೊಟ್ಟು, ಸಿಕ್ಕಿಬಿದ್ದ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಬಾಗಿಲು ತೆಗೆದು, ತನ್ನ ಸೀಟಿನ ಧೂಳು ಹೊಡೆದು, ಹತ್ತಿ ಕೂತೇಬಿಟ್ಟಳು.

"ಈಗ ಹತ್ತಬಹುದು. ಇದು ಎಲ್ಲಿಗೂ ಹೋಗೋದಿಲ್ಲವಲ್ಲ" ಅಂದಳು.

ಊಟವನ್ನೂ ನಾವಿಬ್ಬರು ಅಲ್ಲೇ ಕೂತು ಮಾಡಿದೆವು. ಸಾರಿಗೆ ಹುಳಿ ಕಮ್ಮಿ ಅಂದಳು, ನಾನು ಹೂಂ ಅಂದೆ. ಎಷ್ಟು ಹಿತವಾಗಿತ್ತೆಂದರೆ ಗಾಡಿ ಅಲ್ಲಿಂದ ಬಿಡಿಸಲಿಕ್ಕೇ ಮನಸ್ಸಿರಲಿಲ್ಲ. ಕಡೆಗೆ ಹೊರಚಕ್ರಗಳ ಗಾಳಿ ಬಿಟ್ಟು, ಮೆಲ್ಲಗೆ ಹಿಂದೆ ಸರಿಸಿ ಹೊರಗೆ ತಂದೆ. ಅವಳು ಇಳಿಯಲಿಲ್ಲ. ಯಾರೋ ನೆಂಟರ ಕಾರಿನಲ್ಲಿ ಸಣ್ಣ ಗಾಳಿಪಂಪು ಇತ್ತು, ಅದರಲ್ಲಿ ಮತ್ತೆ ಗಾಳಿ ತುಂಬಿ, ಪಾತ್ರೆಯೆಲ್ಲ ಅವಳ ಕ್ರಮದಲ್ಲೇ ಹೇರುವಷ್ಟರಲ್ಲಿ ಸಂಜೆಯಾಯ್ತು.

ಹೊರಡುವಾಗ ಅವಳು ಒಂದು ನಿಮಿಷ ಅಂತ ಇಳಿದಳು. ಮತ್ತೆ ಬಸ್ಸಿಗೆ ಹೊರಟಳು ಅಂದುಕೊಂಡೆ. ಅವಳು ಗಾಡಿಯ ಹಿಂದೆ ಹೋಗಿ ಏನೋ ಮಾಡಿ, ವಾಪಸ್ ಬಂದು ಪಕ್ಕದಲ್ಲಿ ಕೂತು, ಬಿಡಿ ಅಂದಳು. ಬಿಟ್ಟೆ.

ಹಿಂದಿನಿಂದ ಟಪ್ ಅಂತ ಸದ್ದಾಯ್ತು. ನಿಟ್ಟೂರಿನ ತಿರುವು ಕಣ್ಣ ಮುಂದೆ ಬಂತು. ಬ್ರೇಕು ಒತ್ತಿ, ಬಾಗಿಲು ತೆಗೆದು, ಒಂದು ಚಪ್ಪಲಿ ಒಳಗೇ ಬಿಟ್ಟು ರಸ್ತೆಗೆ ಹಾರಿದೆ. ಸೀಮಂತಕ್ಕೆ ಬಂದವರೆಲ್ಲ ನೋಡ್ತಾ ಇದ್ದರು. ಎರಡೂ ಕಡೆಯ ಹೊರಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು, ಈ ಸಲ ಸಂದಿಯಲ್ಲಲ್ಲ, ಸರಿಯಾಗಿ ಚಕ್ರದ ಅಡಿಗೇ ಸಿಕ್ಕಿ ಅಪ್ಪಚ್ಚಿಯಾಗಿದ್ದವು. ಪೂಜೆಯ ದಿನದಿಂದ ಅವನ್ನು ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಳು.

ಅವಳು ಸೀಟಿನಿಂದ ಅಲ್ಲಾಡಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಹೆದರಬೇಡಿ, ಹತ್ತಿ. ನಾನು ಪಕ್ಕದಲ್ಲೇ ಕೂತಿರ್ತೀನಿ."